ಹೊತ್ತು ನೋಡಿ ಉಣ್ಣುವ ಕಡಲೂಟ

ಮೆಕ್ಸಿಕೋ ದೇಶದ ಪಶ್ಚಿಮ ದಂಡೆಯಲ್ಲಿ ಮಸಾತ್ಲಾನ್ ಎಂಬ ಬಂದರು ಪಟ್ಟಣವಿದೆ. ಎದುರಿಗೆ ಪೆಸಿಫಿಕ್ ಸಾಗರ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತುಸುವೇ ದಕ್ಷಿಣಕ್ಕಿರುವ ಊರು, ಹಾಗಾಗಿ ಬಿಸಿಲು ಚುರುಕು. ಅಲ್ಲಿ ಮೀನೂಟದ ಸಾದಾ ಹೋಟೆಲುಗಳು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಬಾಗಿಲು ತೆರೆಯುತ್ತವೆ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಕೂರಲು ಜಾಗವಿರುವುದಿಲ್ಲ. ಸಂಜೆ ಆರಾಗುವಾಗ ಹೆಚ್ಚಿನ ಕಡೆ ಕುರ್ಚಿಗಳನ್ನು ಎತ್ತಿ ಮೇಜಿನ ಮೇಲೆ ಇಡುತ್ತಿರುತ್ತಾರೆ. ರಾತ್ರಿಯೂಟ ಮಾಡೋಣವೆಂದು ಎಂಟು ಗಂಟೆಗೆ ಹೋದರೆ ಬಹಳಷ್ಟು ಕಡೆ ಮುಚ್ಚಿದ ಬಾಗಿಲೇ ಸಿಗುತ್ತದೆ.

ಇಂಥ ಹೋಟೆಲಿಗೆ ಅಲ್ಲಿನವರು ಮಾರಿಸ್ಕೆರಿಯಾ ಎನ್ನುತ್ತಾರೆ. ಸಿಗಡಿ, ಸಿಂಪಿ, ಮರುವಾಯಿ, ಏಡಿ, ಅಷ್ಟಪದಿ, ಮೀನು. ಇವಿಷ್ಟೇ ಅಲ್ಲಿಯ ಸರಕು. ನಮ್ಮ ನಗರಗಳಲ್ಲಿ ಮೆಕ್ಸಿಕೋ ಊಟ ಎಂದರೆ ಅನೇಕರಿಗೆ ನೆನಪಾಗುವುದು ರಾಜ್ಮಾ ತುಂಬಿ ಚೀಸು ಸುರಿದ ಸುರುಳಿ ರೊಟ್ಟಿ. ಆ ದೇಶಕ್ಕೆ ಸುಮಾರು 11 ಸಾವಿರ ಕಿಲೋಮೀಟರ್ ಕರಾವಳಿ ಇದೆ ಎಂಬುದು ನೆನಪಿಗೆ ಬರುವುದಿಲ್ಲ. ಒಂದು ಬದಿಗೆ ಪೆಸಿಫಿಕ್, ಇನ್ನೊಂದು ಬದಿಗೆ ಮೆಕ್ಸಿಕೋ ಕೊಲ್ಲಿ ಮತ್ತು ಕೆರಿಬಿಯನ್ ಕಡಲು. ಎರಡೂ ಬದಿಯ ಜನ ಮೀನು ತಿಂದೇ ಬೆಳೆದವರು.

ಇವತ್ತಿನ ಮಾತಿಗೆ ನಾನು ಹಿಡಿದಿರುವ ಎಳೆ ಒಂದೇ. ಅದು ಹೊತ್ತು. ಈ ಹೋಟೆಲು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ, ಯಾವ ತಟ್ಟೆ ಮೊದಲು ಬರುತ್ತದೆ, ಯಾವುದು ಕೊನೆಗೆ, ನಿಂಬೆರಸ ಹಿಂಡಿದ ಮೇಲೆ ಎಷ್ಟು ನಿಮಿಷ ಕಾಯಬೇಕು, ಯಾವ ತಿಂಗಳು ಯಾವುದನ್ನು ತಿನ್ನಬೇಕು. ಎಲ್ಲವೂ ಹೊತ್ತಿನ ಲೆಕ್ಕ. ಆ ಲೆಕ್ಕ ಗೊತ್ತಾದರೆ ಈ ಊಟದ ರುಚಿ ತಾನಾಗಿ ತಿಳಿಯುತ್ತದೆ.

ಮೊದಲು ಆ ಜಾಗವನ್ನು ಮನಸ್ಸಿಗೆ ತಂದುಕೊಳ್ಳಿ. ಮೇಲೆ ತಾಳೆಗರಿಯ ಮಾಡು, ಇಲ್ಲವೇ ತಗಡು. ಮೂರು ಬದಿ ಗೋಡೆಯಿಲ್ಲ, ಗಾಳಿ ನೇರ ಒಳಗೆ ಬರುತ್ತದೆ. ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ಬೆನ್ನಿಗೆ ಯಾವುದೋ ಬಿಯರ್ ಕಂಪನಿಯ ಹೆಸರು. ಮೇಜಿನ ಮೇಲೆ ಒರೆಸಿದರೆ ಶುಚಿಯಾಗುವ ಹೊದಿಕೆ. ಅದರ ಮೇಲೆ ಒಂದು ಬಟ್ಟಲು ತುಂಬ ಹೆಚ್ಚಿದ ನಿಂಬೆ. ಉಪ್ಪು ಬಿಸ್ಕತ್ತಿನ ಪೊಟ್ಟಣಗಳು. ನಾಲ್ಕೈದು ಬಗೆಯ ಖಾರದ ಸೀಸೆಗಳು. ಗ್ವಾದಲಹಾರಾ ಊರಿನ ವ್ಯಾಲೆಂಟೀನಾ ಇರುತ್ತದೆ, ನಯಾರಿತ್ ರಾಜ್ಯದ ಹುಯ್ಚೋಲ್ ಇರುತ್ತದೆ. ಪಕ್ಕದಲ್ಲಿ ಕಪ್ಪು ಬಣ್ಣದ ವೂಸ್ಟರ್ ಸಾಸ್. ಒಳಗಿನ ಕಟ್ಟೆಯ ಕಡೆಯಿಂದ ಮರದ ಹಲಗೆಯ ಮೇಲೆ ಕತ್ತಿ ಬೀಳುವ ಸದ್ದು ನಿಲ್ಲದೆ ಬರುತ್ತಿರುತ್ತದೆ. ಈರುಳ್ಳಿ, ಸೌತೆಕಾಯಿ, ಕೊತ್ತಂಬರಿ ಸೊಪ್ಪು. ಒಲೆಯ ಸದ್ದಿಗಿಂತ ಕತ್ತಿಯ ಸದ್ದು ಹೆಚ್ಚು. ಆ ಸದ್ದನ್ನು ನೆನಪಿಡಿ, ಮುಂದೆ ಅದರ ಕಾರಣ ಹೇಳುತ್ತೇನೆ.

ಹೋಟೆಲೇ ಬೇಕೆಂದಿಲ್ಲ. ತಳ್ಳುಗಾಡಿಯಲ್ಲೂ ಇದೇ ಊಟ ಸಿಗುತ್ತದೆ. ಉತ್ತರದ ಎನ್ಸೆನಾದಾ ಊರಿನಲ್ಲಿ ಲಾ ಗೆರೆರೆನ್ಸೆ ಎಂಬ ಗಾಡಿಯಿದೆ. ಅದನ್ನು ನಡೆಸಿ ಹೆಸರಾದವರು ಸಬೀನಾ ಬಾಂದೇರಾ ಎಂಬ ಹೆಂಗಸು. ಬೀದಿ ಬದಿಯಲ್ಲಿ ನಿಂತು ತಿನ್ನುವ ಅವರ ತಟ್ಟೆಗೆ ಬೇರೆ ಬೇರೆ ದೇಶಗಳ ಹೆಸರಾಂತ ಬಾಣಸಿಗರು ಬಂದು ತಲೆಬಾಗಿದ್ದಾರೆ. ಅಲ್ಲಿಯೂ ವ್ಯಾಪಾರ ಹಗಲಿನದು.

ಇನ್ನು ಹಗಲೇ ಯಾಕೆ ಎಂಬ ಪ್ರಶ್ನೆಗೆ ಬರೋಣ.

ಮೀನು ತರುವುದು ಪಾಂಗಾ ಎಂಬ ತೆರೆದ ದೋಣಿಗಳು, ಹಿಂದೆ ಒಂದು ಮೋಟಾರು, ಒಳಗೆ ಇಬ್ಬರು ಮೂವರು. ನಸುಕಿಗೆ ಮುಂಚೆ ಹೊರಟು ಬೆಳಿಗ್ಗೆ ದಡಕ್ಕೆ ಬರುತ್ತವೆ. ಮಸಾತ್ಲಾನಿನ ಉತ್ತರದ ಮರಳದಂಡೆಯಲ್ಲಿ ದೋಣಿಯ ಪಕ್ಕವೇ ಮೀನು ಕೈ ಬದಲಾಗುತ್ತದೆ. ಊರೊಳಗೆ ಅಕೀಲೆಸ್ ಸೆರ್ದಾನ್ ಎಂಬ ಬೀದಿಯಲ್ಲಿ ಹೆಂಗಸರು ಸಾಲಾಗಿ ಕೂತು ಸಿಗಡಿ ಮಾರುತ್ತಾರೆ. ಅವರಿಗೆ ಚಂಗೇರಾ ಎಂದು ಹೆಸರು. ಬಣ್ಣದ ಕೊಡೆಯ ಕೆಳಗೆ ಪ್ಲಾಸ್ಟಿಕ್ ಬೋಗುಣಿ, ಅದರಲ್ಲಿ ಮಂಜುಗಡ್ಡೆ, ಮಂಜುಗಡ್ಡೆಯ ಮೇಲೆ ಗಾತ್ರದ ಪ್ರಕಾರ ವಿಂಗಡಿಸಿದ ಸಿಗಡಿ. ಕಿರುಬೆರಳಷ್ಟು ಸಣ್ಣದರಿಂದ ಅಂಗೈ ತುಂಬುವಷ್ಟು ದೊಡ್ಡದರ ತನಕ. ಮಂಗಳೂರು, ಮಲ್ಪೆ, ಕಾರವಾರದ ಕೇಳುಗರಿಗೆ ಮೀನು ಮಾರುವ ಹೆಂಗಸರ ಕಣ್ಣಿನ ಚುರುಕು, ಮಾತಿನ ಚುರುಕು ನಾನು ವಿವರಿಸಬೇಕಾಗಿಲ್ಲ.

ಬೆಳಿಗ್ಗೆ ಬಂದ ಈ ಮಾಲನ್ನು ಮಧ್ಯಾಹ್ನದೊಳಗೆ ಮೇಜಿಗೆ ತಂದು ಮುಗಿಸುವುದು ಇಡೀ ವ್ಯವಸ್ಥೆಯ ಗುರಿ. ರಾತ್ರಿಗೆ ಉಳಿಸಿದರೆ ಅದು ಇವತ್ತಿನ ಮೀನಾಗಿ ಉಳಿಯುವುದಿಲ್ಲ. ಫ್ರಿಜ್ಜು ಬಂದು ಎಷ್ಟೋ ದಶಕ ಕಳೆದರೂ ಆ ಪದ್ಧತಿ ಹೋಗಿಲ್ಲ. ಮೆಕ್ಸಿಕೋದಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ನಡೆಯುವುದೂ ಇದಕ್ಕೆ ಒದಗಿ ಬಂದಿದೆ.

ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ರಾಜಧಾನಿ ಮೆಕ್ಸಿಕೋ ನಗರದಲ್ಲೂ ಇದೇ ನಿಯಮ. ಆ ನಗರ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಲಾ ನುಯೇವಾ ವೀಗಾ ಎಂಬ ಸಗಟು ಮೀನು ಮಾರುಕಟ್ಟೆ ದೇಶದಲ್ಲೇ ದೊಡ್ಡದು. ಎರಡೂ ಕರಾವಳಿಗಳಿಂದ ಲಾರಿಗಳು ರಾತ್ರಿಯಿಡೀ ಓಡಿ ಬಂದು ನಸುಕಿಗೆ ಅಲ್ಲಿ ಮಾಲು ಇಳಿಸುತ್ತವೆ. 1998ರಲ್ಲಿ ಗಾಬ್ರಿಯೆಲಾ ಕಾಮಾರಾ ಎಂಬವರು ಅದೇ ನಗರದಲ್ಲಿ ತೆರೆದ ಕೊಂತ್ರಾಮಾರ್ ಬಹಳ ಹೆಸರು ಮಾಡಿತು. ಬಿಳಿ ಮೇಜುಬಟ್ಟೆಯ ಹೋಟೆಲದು, ಸಾದಾ ಅನ್ನುವ ಹಾಗಿಲ್ಲ. ಆದರೂ ಅದರ ಜೀವ ಇರುವುದು ಮಧ್ಯಾಹ್ನದ ಊಟದಲ್ಲೇ.

ದಿನದ ಹೊತ್ತನ್ನು ಹೇಳಿದೆ. ಬೆಳಿಗ್ಗೆಯ ಮಾಲು, ಮಧ್ಯಾಹ್ನದ ಊಟ, ಸಂಜೆಗೆ ಬಾಗಿಲು. ಇದರ ಹಿಂದೆ ಇನ್ನೊಂದು ದೊಡ್ಡ ಗಡಿಯಾರವಿದೆ. ಅದು ವರ್ಷದ್ದು.

ಮೆಕ್ಸಿಕೋದ ಪೆಸಿಫಿಕ್ ದಂಡೆಯಲ್ಲಿ ಹೆಚ್ಚುಕಡಿಮೆ ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಕಡಲಿನ ಸಿಗಡಿ ಹಿಡಿಯಲು ನಿಷೇಧವಿದೆ. ಸಿಗಡಿ ಮೊಟ್ಟೆಯಿಟ್ಟು ಮರಿ ಬೆಳೆಯುವ ಕಾಲ ಅದು. ನಮ್ಮ ಕರ್ನಾಟಕದಲ್ಲೂ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಅಲ್ಲಿ ಸಿಗಡಿಗೆ ವಿಧಿಸಿದ ವಿರಾಮ ಇನ್ನೂ ಉದ್ದ. ನಿಷೇಧ ತೆರವಾದ ಮೇಲೆ ಮೊದಲ ದೋಣಿಗಳು ಬರುವ ದಿನಗಳಲ್ಲಿ ಸಿನಲೋವಾ ರಾಜ್ಯದ ಊರೂರಿನಲ್ಲಿ ಸಡಗರ. ಮಸಾತ್ಲಾನ್ ಇರುವುದು ಈ ರಾಜ್ಯದಲ್ಲೇ. ಮೆಕ್ಸಿಕೋದಲ್ಲಿ ಸಿಗಡಿಗೆ ಹೆಸರಾದ ರಾಜ್ಯ ಇದು, ಪಕ್ಕದ ಸೊನೋರಾ ಇದರ ಜೊತೆಗಾರ.

ನಿಷೇಧದ ತಿಂಗಳುಗಳಲ್ಲಿ ಕೆರೆಗಳಲ್ಲಿ ಸಾಕಿದ ಸಿಗಡಿ ಬರುತ್ತದೆ, ಮಂಜುಗಟ್ಟಿಸಿದ್ದು ಬರುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಆ ತಿಂಗಳುಗಳಲ್ಲಿ ಅನುಭವಿಗಳು ಸಿಗಡಿ ಬಿಟ್ಟು ಮೀನಿನ ಕಡೆ ಹೊರಳುತ್ತಾರೆ. ನಿಷೇಧ ಶುರುವಾಗುವ ಆಸುಪಾಸಿನಲ್ಲೇ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ವ್ರತಕಾಲವೂ ಬಂದು ಹೋಗುತ್ತದೆ. ಕ್ಯಾಥಲಿಕ್ ಮನೆಗಳಲ್ಲಿ ಆ ಶುಕ್ರವಾರಗಳಂದು ಮಾಂಸ ವರ್ಜ್ಯ, ಮೀನು ಸಲ್ಲುತ್ತದೆ. ವರ್ಷದಲ್ಲಿ ಈ ಹೋಟೆಲುಗಳಿಗೆ ಅತಿ ಹೆಚ್ಚು ಜನ ಬರುವ ವಾರಗಳಲ್ಲಿ ಇವೂ ಸೇರಿವೆ.

ಹೀಗೆ ದಿನಕ್ಕೊಂದು ಗಡಿಯಾರ, ವರ್ಷಕ್ಕೊಂದು ಗಡಿಯಾರ. ಇನ್ನು ಮೇಜಿನ ಮೇಲೆ ಓಡುವ ಗಡಿಯಾರ ನೋಡೋಣ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಈ ಊಟದ ನಿಜವಾದ ಜಾಣ್ಮೆ ಇಲ್ಲಿದೆ.

ಕೂತ ಕೂಡಲೇ ಅನೇಕ ಕಡೆ ಕೇಳದೆಯೇ ಒಂದು ಪುಟ್ಟ ಲೋಟ ಬರುತ್ತದೆ. ಅದರಲ್ಲಿ ಸಿಗಡಿಯ ಸಾರು. ಬಿಸಿ, ಕೆಂಪು, ಖಾರ. ಅದಕ್ಕೆ ದುಡ್ಡಿಲ್ಲ. ಹೊರಗಿನ ಬಿಸಿಲಿಗೆ ಬಿಸಿ ಸಾರು ಯಾಕೆ ಅನ್ನಿಸಬಹುದು. ಕುಡಿದು ನೋಡಿದರೆ ಹಸಿವು ಏಳುತ್ತದೆ.

ಸಾರು ಕುಡಿಯುತ್ತಲೇ ತಿಳಿದವರು ಮೊದಲು ಹೇಳುವುದು ಕೊನೆಗೆ ತಿನ್ನುವ ತಟ್ಟೆಯನ್ನು. ಅದರ ಹೆಸರು ಪೆಸ್ಕಾದೊ ಸರಾಂದಿಯಾದೊ. ಇಡೀ ಮೀನನ್ನು ಬೆನ್ನಿನಿಂದ ಸೀಳಿ ಪುಸ್ತಕದಂತೆ ಬಿಡಿಸಿ, ಒಣಮೆಣಸಿನ ಮಸಾಲೆ ಸವರಿ, ಎರಡು ತಂತಿಜಾಲರಿಗಳ ನಡುವೆ ಬಿಗಿದು, ಕೆಂಡದ ಮೇಲೆ ತಿರುವಿ ತಿರುವಿ ಸುಡುತ್ತಾರೆ. ನಯಾರಿತ್ ರಾಜ್ಯದಲ್ಲಿ ಮೆಸ್ಕಾಲ್ತಿತಾನ್ ಎಂಬ ಪುಟ್ಟ ದ್ವೀಪದ ಊರಿದೆ. ಈ ಅಡುಗೆ ಅಲ್ಲಿಯದು ಎಂದು ಜನ ಹೇಳುತ್ತಾರೆ. ಅಲ್ಲಿ ಕಾಂಡ್ಲಾ ಮರದ ಸೌದೆಯಲ್ಲಿ ಸುಡುವುದು ವಾಡಿಕೆ. ಮೀನನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಅದು ಸುಟ್ಟು ಬರಲು ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡಬೇಕು. ಆ ಅರ್ಧ ಗಂಟೆ ಹಸಿಯ ತಟ್ಟೆಗಳಿಗೆ ಮೀಸಲು.

ಹಸಿಯ ತಟ್ಟೆಗಳಲ್ಲಿ ಎರಡು ಮುಖ್ಯ. ಸೆವಿಚೆ ಒಂದು, ಅಗ್ವಾಚಿಲೆ ಇನ್ನೊಂದು.

ಸೆವಿಚೆಯಲ್ಲಿ ಮೀನನ್ನು ಸಣ್ಣಗೆ ಕೊಚ್ಚಿ ನಿಂಬೆರಸದಲ್ಲಿ ನೆನೆಸಿಡುತ್ತಾರೆ. ಸಿನಲೋವಾ ಕಡೆ ಇದಕ್ಕೆ ಸಿಯೆರ್ರಾ ಎಂಬ ಮೀನು ಬಲು ಇಷ್ಟ. ನಮ್ಮ ಕರಾವಳಿಯ ಅಂಜಲ್ ಇದೆಯಲ್ಲ, ಕಾರವಾರದ ಕಡೆ ಇಸೋಣ ಎನ್ನುತ್ತಾರೆ, ಸಿಯೆರ್ರಾ ಅದರದೇ ಕುಲದ ಮೀನು. ಕೊಚ್ಚಿದ ಸಿಯೆರ್ರಾಕ್ಕೆ ತುರಿದ ಕ್ಯಾರೆಟ್ಟು, ಈರುಳ್ಳಿ, ಕೊತ್ತಂಬರಿ ಸೊಪ್ಪು ಬೆರೆಸುತ್ತಾರೆ.

ನಿಂಬೆಯ ಹುಳಿ ಮೀನಿನ ಪ್ರೋಟೀನನ್ನು ಬಿಗಿಗೊಳಿಸುತ್ತದೆ. ಪಾರದರ್ಶಕವಾಗಿದ್ದ ಮಾಂಸ ಬೆಳ್ಳಗಾಗುತ್ತದೆ, ಬೆಂದ ಹಾಗೆ ಗಟ್ಟಿಯಾಗುತ್ತದೆ. ಕೆಲವೇ ನಿಮಿಷ ಬಿಟ್ಟರೆ ಹೊರಗೆ ಬಿಳಿ, ಒಳಗೆ ಹಸಿ. ಗಂಟೆಗಟ್ಟಲೆ ಬಿಟ್ಟರೆ ನಾರುನಾರಾಗಿ ಒಣಗುತ್ತದೆ. ಎಷ್ಟು ಹೊತ್ತು ಎಂಬುದೇ ಇಲ್ಲಿ ಅಡುಗೆಯವರ ಕಸುಬು. ಆಗ ಹೇಳಿದ ಕತ್ತಿಯ ಸದ್ದಿಗೆ ಕಾರಣ ಈಗ ತಿಳಿಯಿತು. ಅರ್ಧ ಅಡುಗೆ ಕತ್ತಿಯಲ್ಲೂ ನಿಂಬೆಯಲ್ಲೂ ನಡೆದುಹೋಗುತ್ತದೆ, ಒಲೆಗೆ ಕೆಲಸ ಕಡಿಮೆ.

ಅಗ್ವಾಚಿಲೆ ಇನ್ನೂ ಅವಸರದ್ದು. ಸಿಗಡಿಯನ್ನು ಸುಲಿದು, ಬೆನ್ನು ಸೀಳಿ, ತೆಳ್ಳಗೆ ಹರಡುತ್ತಾರೆ. ನಿಂಬೆರಸ, ಉಪ್ಪು, ಹಸಿಮೆಣಸು, ಕೊತ್ತಂಬರಿ ಸೊಪ್ಪು ಅರೆದ ಹಸಿರು ರಸ ಅದರ ಮೇಲೆ ಸುರಿಯುತ್ತಾರೆ. ಸೌತೆಕಾಯಿ, ಕೆಂಪು ಈರುಳ್ಳಿ ಜೊತೆಗೆ. ಅಷ್ಟೇ, ನೇರ ಮೇಜಿಗೆ. ಅನೇಕ ಕಡೆ ಜ್ವಾಲಾಮುಖಿಯ ಕಪ್ಪು ಕಲ್ಲಿನಲ್ಲಿ ಕಡೆದ ಒರಳಿನಲ್ಲೇ ತಂದಿಡುತ್ತಾರೆ. ಬಂದ ಕೂಡಲೇ ತಿನ್ನಬೇಕು. ಫೋನು ತೆಗೆದು ಹತ್ತು ಚಿತ್ರ ಹಿಡಿಯುವಷ್ಟರಲ್ಲಿ ಸಿಗಡಿಯ ಮೃದು ಸಿಹಿ ಹೋಗಿರುತ್ತದೆ.

ಅಗ್ವಾಚಿಲೆ ಸಿನಲೋವಾದ ಹೆಮ್ಮೆ. ಅದು ಮೊದಲು ಕಡಲಿನದಾಗಿರಲಿಲ್ಲ, ಒಳನಾಡಿನ ಗುಡ್ಡದವರು ಒಣಮಾಂಸಕ್ಕೆ ಖಾರದ ನೀರು ಸುರಿದು ತಿನ್ನುತ್ತಿದ್ದರು, ಅದು ದಂಡೆಗೆ ಬಂದು ಸಿಗಡಿಗೆ ಕೂಡಿಕೊಂಡಿತು ಎಂದು ಆ ಕಡೆಯವರು ಹೇಳುತ್ತಾರೆ. ಹಳೆಯ ಪದ್ಧತಿಯಲ್ಲಿ ಹಾಕುತ್ತಿದ್ದ ಮೆಣಸು ಚಿಲ್ತೆಪಿನ್. ಕಾಳುಮೆಣಸಿನ ಗಾತ್ರದ, ಗುಂಡನೆಯ, ಕಾಡಿನ ಮೆಣಸಿನಕಾಯಿ. ಈಗಲೂ ಬಹುಪಾಲು ಗುಡ್ಡಗಾಡಿನಿಂದ ಆರಿಸಿಯೇ ತರುತ್ತಾರೆ. ಹಕ್ಕಿಗಳು ತಿಂದು ಬೀಜ ಹರಡುತ್ತವೆ. ನಾಲಿಗೆಗೆ ತಾಗಿದಾಗ ಕಿಡಿ ಹಾರಿದಷ್ಟು ಖಾರ, ಆದರೆ ಬೇಗನೆ ಇಳಿದುಹೋಗುತ್ತದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಸೇರಿರುವ ಜಾತಿಗೆ ಈ ಕಾಡುಮೆಣಸು ಮೂಲದ ಬಂಧು. ಪೋರ್ಚುಗೀಸರ ಹಡಗುಗಳು ಹದಿನಾರನೆಯ ಶತಮಾನದಲ್ಲಿ ಮೆಣಸಿನಕಾಯಿಯನ್ನು ನಮ್ಮ ದಂಡೆಗೆ ತಂದವು. ಅತ್ತಲಿಂದ ಮೆಣಸು ಇತ್ತ ಬಂದರೆ, ಏಷ್ಯಾದ ನಿಂಬೆ ಅರಬರ ಕೈ ದಾಟಿ ಸ್ಪೇನಿನವರ ಹಡಗಿನಲ್ಲಿ ಅತ್ತ ಹೋಯಿತು. ಮಸಾತ್ಲಾನಿನ ಮೇಜಿನ ಮೇಲಿರುವ ಆ ಚಿಕ್ಕ, ತೆಳುಸಿಪ್ಪೆಯ, ಬೀಜವಿರುವ ನಿಂಬೆಯೂ ವಿಜಯಪುರ ಜಿಲ್ಲೆಯ ಇಂಡಿ ಕಡೆ ಬೆಳೆಯುವ ಕಾಗದಿ ನಿಂಬೆಯೂ ಒಂದೇ ಜಾತಿಯವು.

ಕೇಳುಗರೇ, ಇಲ್ಲಿಯ ತನಕ ಸಾರು ಕುಡಿದೆವು, ಸುಡುವ ಮೀನಿಗೆ ಹೇಳಿಟ್ಟೆವು, ನಿಂಬೆಯಲ್ಲಿ ಬೆಳ್ಳಗಾದ ಮೀನು ಸಿಗಡಿ ತಿಂದೆವು. ಮುಂದಿನ ತಟ್ಟೆಗೆ ಹೋಗುವ ಮೊದಲು ಆರೋಗ್ಯದ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು.

ನಿಂಬೆರಸ ಮೀನಿನ ಬಣ್ಣ ಬದಲಿಸುತ್ತದೆ, ಮಾಂಸ ಗಟ್ಟಿ ಮಾಡುತ್ತದೆ. ಆದರೆ ಬೆಂಕಿಯಂತೆ ರೋಗಾಣುಗಳನ್ನು ಪೂರ್ತಿ ಕೊಲ್ಲುವುದಿಲ್ಲ. ಹುಳಿಯಲ್ಲಿ ಬೆಂದಿದೆ ಎಂದು ಹೇಳುವುದು ರುಚಿಯ ಮಾತು, ವೈದ್ಯರ ಮಾತಾಗಲಾರದು. 1991ರಲ್ಲಿ ಪೆರು ದೇಶದ ಕರಾವಳಿಯಲ್ಲಿ ಕಾಲರಾ ಎದ್ದಾಗ ಹಸಿ ಮೀನಿನ ಸೆವಿಚೆಯ ಮೇಲೂ ಸಂಶಯ ಬಿತ್ತು. ಅದೇ ವರ್ಷ ಆ ರೋಗ ಮೆಕ್ಸಿಕೋವನ್ನೂ ಮುಟ್ಟಿತು. ಮೀನಿನೊಳಗಿನ ಹುಳುಗಳನ್ನು ಕೊಲ್ಲಲು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಒಂದು ವಾರ ಮಂಜುಗಟ್ಟಿಸುವ ಕ್ರಮವಿದೆ. ಬ್ಯಾಕ್ಟೀರಿಯಾಗಳಿಗೆ ಅದೂ ಸಾಲದು. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, ತೀರ ವಯಸ್ಸಾದವರು ಹಸಿ ಸಿಂಪಿ, ಹಸಿ ಮೀನು ಮುಟ್ಟದಿರುವುದು ಒಳ್ಳೆಯದು. ಅದೇ ಹೋಟೆಲಿನಲ್ಲಿ ಬೆಂದದ್ದು, ಕರಿದದ್ದು, ಸುಟ್ಟದ್ದು ಬೇಕಾದಷ್ಟಿದೆ. ಉಳಿದವರೂ ಹಸಿಯದನ್ನು ತಿನ್ನುವುದಾದರೆ ಜನ ತುಂಬಿರುವ ಜಾಗದಲ್ಲಿ, ಮಾಲು ಬೇಗ ಬೇಗ ಖರ್ಚಾಗುವ ಜಾಗದಲ್ಲಿ, ಮಧ್ಯಾಹ್ನದೊಳಗೆ ತಿನ್ನಬೇಕು. ಇಲ್ಲೂ ಹೊತ್ತಿನ ಮಾತೇ ಬಂತು ನೋಡಿ.

ಎಚ್ಚರಿಕೆಯ ಮಾತು ಮುಗಿಯಿತು. ಮುಂದಿನದು ಗಾಜಿನ ದೊಡ್ಡ ಬಟ್ಟಲು. ಕಾಲಿರುವ, ಐಸ್‌ಕ್ರೀಮಿಗೆ ಇಡುವಂಥ ಬಟ್ಟಲು. ಅದರಲ್ಲಿ ಬೇಯಿಸಿ ಆರಿಸಿದ ಸಿಗಡಿ, ಅದು ಬೆಂದ ನೀರು, ಟೊಮೆಟೊ ಕೆಚಪ್, ನಿಂಬೆ, ಈರುಳ್ಳಿ, ಬೆಣ್ಣೆಹಣ್ಣಿನ ತುಂಡುಗಳು. ಇದು ಸಿಗಡಿ ಕಾಕ್‌ಟೇಲು. ಹೆಸರು ಕೇಳಿ ಗಾಬರಿಯಾಗಬೇಡಿ, ಇದರಲ್ಲಿ ಮದ್ಯವಿಲ್ಲ. ಚಮಚದಲ್ಲಿ ತಿನ್ನುತ್ತಾ ಉಪ್ಪು ಬಿಸ್ಕತ್ತು ಕಚ್ಚುತ್ತಾರೆ. ಕೆಚಪ್ಪಿನ ಸಿಹಿ ಮೊದಲ ಚಮಚಕ್ಕೆ ಸ್ವಲ್ಪ ಅಡ್ಡ ಬರುತ್ತದೆ. ಎರಡು ನಿಂಬೆ ಹೋಳು, ನಾಲ್ಕು ಹನಿ ಖಾರ ಬಿದ್ದ ಮೇಲೆ ಸರಿಹೋಗುತ್ತದೆ. ರಾತ್ರಿ ಕುಡಿದು ಬೆಳಿಗ್ಗೆ ತಲೆ ಹಿಡಿದುಕೊಂಡು ಬರುವವರಿಗೆ ಇದು ಮದ್ದು ಎಂಬ ನಂಬಿಕೆ ದೇಶದ ತುಂಬ ಇದೆ. ಭಾನುವಾರ ಬೆಳಿಗ್ಗೆಯೇ ಈ ಹೋಟೆಲುಗಳು ತುಂಬಲು ಅದೂ ಒಂದು ಕಾರಣ.

ಇದರ ಜೊತೆಗೆ ಟಾಕೊಗಳಿವೆ. ಎನ್ಸೆನಾದಾ ಕಡೆಯದು ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಎಲೆಕೋಸಿನ ಹೆಚ್ಚು, ಬಿಳಿ ಸಾಸು. ಮಸಾತ್ಲಾನಿನದು ಸಿಗಡಿ ಮತ್ತು ಕರಗಿದ ಚೀಸು ಸೇರಿದ ಗವರ್ನರ್ ಟಾಕೊ. ಅಲ್ಲಿಯ ಗವರ್ನರ್ ಜನರಿಂದ ಆಯ್ಕೆಯಾದವರು, ನಮ್ಮ ಮುಖ್ಯಮಂತ್ರಿಯ ಸ್ಥಾನದವರು. 1987ರಿಂದ 1992ರ ತನಕ ಸಿನಲೋವಾದ ಗವರ್ನರ್ ಆಗಿದ್ದ ಫ್ರಾನ್ಸಿಸ್ಕೊ ಲಾಬಾಸ್ತೀದಾ ಊಟಕ್ಕೆ ಬಂದಾಗ ಲೋಸ್ ಆರ್ಕೋಸ್ ಎಂಬ ಹೋಟೆಲಿನವರು ಮಾಡಿ ಬಡಿಸಿದ್ದು ಎಂಬುದು ಅಲ್ಲಿಯ ಪ್ರತೀತಿ.

ಇನ್ನು ರೊಟ್ಟಿಯ ವಿಷಯ. ಮೀನು ಇವತ್ತಿನದಾಗಿರಬೇಕು ಎಂದೆ, ಸಿಗಡಿ ಈ ಗಳಿಗೆಯದಾಗಿರಬೇಕು ಎಂದೆ. ಈ ಮೇಜಿನ ಮೇಲೆ ನಿನ್ನೆಯದಾದರೂ ನಡೆಯುವ ವಸ್ತು ಒಂದಿದೆ. ಅದೇ ರೊಟ್ಟಿ.

ಮೆಕ್ಕೆಜೋಳ ಮೆಕ್ಸಿಕೋದಲ್ಲೇ ಹುಟ್ಟಿದ ಬೆಳೆ. ಸುಮಾರು 9 ಸಾವಿರ ವರ್ಷಗಳ ಹಿಂದೆ ಅಲ್ಲಿಯ ರೈತರು ಒಂದು ಕಾಡುಹುಲ್ಲಿನಿಂದ ಅದನ್ನು ಬೆಳೆಸಿ ತೆಗೆದರು. ಅದನ್ನು ಅವರು ಸುಮ್ಮನೆ ಬೀಸಿ ಹಿಟ್ಟು ಮಾಡುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಒದ್ದೆಯಾಗಿಯೇ ಅರೆಯುತ್ತಾರೆ. ಸುಣ್ಣದಿಂದ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಕಾಳಿನೊಳಗೆ ಬಂಧಿಯಾಗಿದ್ದ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಯುರೋಪಿನವರು ಜೋಳ ಕೊಂಡುಹೋದರು, ಸುಣ್ಣದ ಪಾಠ ಕೊಂಡುಹೋಗಲಿಲ್ಲ. ಇಟಲಿಯಂಥ ಕಡೆ ಜೋಳವನ್ನೇ ನಂಬಿದ ಬಡವರು ಪೆಲಾಗ್ರಾ ಎಂಬ ರೋಗದಿಂದ ನರಳಿದರು. ಈ ಸಂಗತಿ ಓದಿದಾಗಲೆಲ್ಲ ಮೆಕ್ಸಿಕೋದ ಹಳ್ಳಿಯ ಹೆಂಗಸರ ತಿಳಿವಿನ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ಆ ಹಿಟ್ಟಿನ ತೋರ್ತಿಯಾ ಬಿಸಿಬಿಸಿಯಾಗಿರುವಾಗ ಮೆತ್ತಗೆ. ಮರುದಿನಕ್ಕೆ ಬಿರುಸು. ಹಳತಾದ ತೋರ್ತಿಯಾವನ್ನು ಎಸೆಯದೆ ಒಣಗಿಸಿ ಎಣ್ಣೆಯಲ್ಲಿ ಕರಿದರೆ ತೊಸ್ತಾದಾ. ಹಪ್ಪಳದಷ್ಟು ಗರಿಗರಿ, ಆದರೆ ಸೆವಿಚೆಯ ರಸ ಬಿದ್ದರೂ ತಕ್ಷಣ ಮೆತ್ತಗಾಗದಷ್ಟು ದಪ್ಪ. ಈಗ ಕಾರ್ಖಾನೆಯ ಪೊಟ್ಟಣಗಳಲ್ಲೂ ಬರುತ್ತದೆ, ಮೂಲ ಮಾತ್ರ ಇದು. ಸೆವಿಚೆಯನ್ನು ತೊಸ್ತಾದಾದ ಮೇಲೆ ಹರಡಿ, ಎರಡು ಕೈಯಲ್ಲಿ ಹಿಡಿದು, ತಟ್ಟೆಯ ಮೇಲೆ ಬಗ್ಗಿ ಕಚ್ಚಬೇಕು. ಮುರಿದು ಬೀಳುತ್ತದೆ. ಎಲ್ಲರಿಗೂ ಬೀಳುತ್ತದೆ, ಯಾರೂ ನಗುವುದಿಲ್ಲ.

ಕುಡಿಯಲು ಬಿಯರ್ ಬೇಡದವರಿಗೆ ಹುಣಸೆಯ ತಂಪು ಪಾನಕವಿದೆ, ಕೆಂಪು ಪುಂಡಿ ಹೂವಿನ ಪಾನಕವಿದೆ. ಅಲ್ಲಿಗೆ ಹುಣಸೆ ಹೊರಗಿನಿಂದ ಹೋದದ್ದು. ಫಿಲಿಪೀನ್ಸಿನ ಮನಿಲಾದಿಂದ ಮೆಕ್ಸಿಕೋದ ಅಕಪುಲ್ಕೊಗೆ 1565ರಿಂದ 1815ರ ತನಕ, ಸುಮಾರು 250 ವರ್ಷ, ಸ್ಪೇನಿನ ಹಡಗುಗಳು ಓಡಾಡಿದವು. ಏಷ್ಯಾದ ಎಷ್ಟೋ ರುಚಿಗಳು ಆ ದಾರಿಯಲ್ಲೇ ಪೆಸಿಫಿಕ್ ದಂಡೆ ಸೇರಿದವು. ಅದೇ ದಂಡೆಯ ಕೊಲೀಮಾ ರಾಜ್ಯದಲ್ಲಿ ಇವತ್ತಿಗೂ ತೆಂಗಿನ ಕಳ್ಳು ಇಳಿಸಿ ಮಾರುತ್ತಾರೆ. ಆ ಕಸುಬು ಕಲಿಸಿದವರು ಹಾಗೆ ಬಂದ ಫಿಲಿಪೀನ್ಸಿನವರು.

ಈಗ ಸುಟ್ಟ ಮೀನು ಬಂತು. ಅದರ ಬಗ್ಗೆ ಆಗಲೇ ಹೇಳಿದ್ದೇನೆ, ಮತ್ತೆ ಹೇಳುವುದಿಲ್ಲ. ಬೆರಳಲ್ಲಿ ಮುಳ್ಳು ಬಿಡಿಸಿ, ಬಿಸಿ ತೋರ್ತಿಯಾದಲ್ಲಿ ಸುತ್ತಿ, ಮನೆಮಂದಿಯೆಲ್ಲ ಒಂದೇ ತಟ್ಟೆಯಿಂದ ತಿನ್ನುತ್ತಾರೆ. ಕರಾವಳಿಯ ನಮಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ತಟ್ಟೆಗಳು ಬಂದ ಕ್ರಮ ಮುಗಿಯಿತು. ಸಾರು, ಹಸಿಯದು, ಬೆಂದದ್ದು, ಕರಿದದ್ದು, ಕೊನೆಗೆ ಸುಟ್ಟದ್ದು. ಇಷ್ಟರ ತನಕ ಹೊತ್ತು ಓಡುತ್ತಿತ್ತು. ಇನ್ನು ಅದು ನಿಲ್ಲುತ್ತದೆ.

ಊಟ ಮುಗಿದರೂ ಯಾರೂ ಏಳುವುದಿಲ್ಲ. ಅಜ್ಜಿ, ಮೊಮ್ಮಗು, ಮಾವ, ಅತ್ತೆ, ಎಲ್ಲರೂ ಕೂತೇ ಇರುತ್ತಾರೆ. ಒಂದು ಗಂಟೆ, ಎರಡು ಗಂಟೆ. ಕೇಳದೆ ಬಿಲ್ಲು ತಂದಿಡುವುದನ್ನು ಅಲ್ಲಿ ಅಮರ್ಯಾದೆ ಎಂದು ತಿಳಿಯುತ್ತಾರೆ. ನೀವಾಗಿ ಕರೆದು ಕೇಳಬೇಕು. ಬಿಲ್ಲು ಬರಲಿಲ್ಲವೆಂದು ಸಿಟ್ಟು ಮಾಡಿಕೊಳ್ಳುವ ಪರದೇಶದವರನ್ನು ನಾನು ನೋಡಿದ್ದೇನೆ. ಅವರನ್ನು ಏಳಿಸಬಾರದೆಂಬ ಸೌಜನ್ಯಕ್ಕೆ ಮಾಣಿ ದೂರ ನಿಂತಿರುತ್ತಾನೆ.

ಈ ಕೂರುವ ಹೊತ್ತಿಗೆ ಸಂಗೀತವಿದೆ. ಬಾನುಲಿಯ ಕೇಳುಗರಿಗೆ ಇದನ್ನು ಹೇಳದೆ ಹೋಗಲಾರೆ. ಸಿನಲೋವಾದ ಬಾಂದಾ ಎಂದರೆ ಊದುವಾದ್ಯಗಳ ದೊಡ್ಡ ತಂಡ. ಕ್ಲಾರಿನೆಟ್, ಟ್ರಂಪೆಟ್, ಟ್ರಾಂಬೋನ್, ಕೆಳಸ್ವರಕ್ಕೆ ಟ್ಯೂಬಾ, ಜೊತೆಗೆ ತಾಂಬೋರಾ ಎಂಬ ದೊಡ್ಡ ಡೋಲು. ಹತ್ತು ಹದಿನೈದು ಮಂದಿ ನಿಮ್ಮ ಮೇಜಿನ ಪಕ್ಕವೇ ನಿಂತು ಊದುತ್ತಾರೆ. ಡೋಲಿನ ಪೆಟ್ಟು ಎದೆಗೇ ತಾಗುತ್ತದೆ, ಮೇಜಿನ ಮೇಲಿನ ಲೋಟದ ನೀರು ಅಲುಗುತ್ತದೆ. ಈ ವಾದ್ಯಗಳು ಅಲ್ಲಿ ಬೇರೂರಲು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ನೆಲೆಸಿದ ಜರ್ಮನರೂ ಕಾರಣ ಎನ್ನುತ್ತಾರೆ. 1900ರಲ್ಲಿ ಮಸಾತ್ಲಾನಿನಲ್ಲಿ ಪಸಿಫಿಕೊ ಬಿಯರಿನ ಕಾರ್ಖಾನೆ ತೆರೆದವರೂ ಜರ್ಮನರೇ. 1938ರಲ್ಲಿ ಹತ್ತಿರದ ಎಲ್ ರೆಕೋದೊ ಊರಿನಲ್ಲಿ ಕ್ರೂಸ್ ಲಿಸಾರ್ರಾಗಾ ಕಟ್ಟಿದ ತಂಡ ಇಂದಿಗೂ ನುಡಿಸುತ್ತಿದೆ. 2024ರಲ್ಲಿ ಕೆಲವು ವಸತಿ ಹೋಟೆಲುಗಳವರು ಮರಳದಂಡೆಯ ಬಾಂದಾ ಸದ್ದಿಗೆ ಆಕ್ಷೇಪ ಎತ್ತಿದಾಗ ವಾದಕರು ಬೀದಿಗಿಳಿದು ಪ್ರತಿಭಟಿಸಿದರು. ನನ್ನ ಮನಸ್ಸು ವಾದಕರ ಕಡೆಗಿದೆ. ಸದ್ದು ಜಾಸ್ತಿ, ನಿಜ. ಆದರೆ ಆ ಊಟ ಹುಟ್ಟಿದ ಊರಿನ ಸದ್ದು ಅದು, ಅದನ್ನು ಹೊರಗಟ್ಟಿ ಉಣ್ಣುವುದು ಸರಿಯಲ್ಲ.

ಕೊನೆಯ ವಿಷಯಕ್ಕೆ ಬಂದೆ. ದಿನದ ಹೊತ್ತು, ವರ್ಷದ ಹೊತ್ತು, ತಟ್ಟೆಯ ಹೊತ್ತು, ಕೂರುವ ಹೊತ್ತು. ಇಷ್ಟನ್ನೂ ಮೆಕ್ಸಿಕೋದ ಜನ ಗಡಿ ದಾಟಿಸಿ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೂ ಒಯ್ದಿದ್ದಾರೆ. ಲಾಸ್ ಏಂಜಲೀಸಿನ ಬೀದಿಯಲ್ಲಿ ಮಾರಿಸ್ಕೋಸ್ ಹಾಲಿಸ್ಕೊ ಎಂಬ ಊಟದ ಲಾರಿ ಸಿಗಡಿ ತುಂಬಿ ಕರಿದ ಟಾಕೊಗೆ ಹೆಸರಾಗಿದೆ. ನಯಾರಿತ್‌ನವರು ಅಲ್ಲಿಯೇ ಸರಾಂದಿಯಾದೊ ಸುಡುತ್ತಿದ್ದಾರೆ. ನಿಮ್ಮಲ್ಲಿ ಎಷ್ಟೋ ಹಿರಿಯರು ಮಕ್ಕಳ ಮನೆಗೆಂದು ಆ ಕಡೆ ಹೋಗುತ್ತೀರಿ. ಆರಾರು ತಿಂಗಳು ಇರುತ್ತೀರಿ. ಕಡಲೂಟವೆಂದು ಸಾರುವ ಮಾರಿಸ್ಕೋಸ್ ಎಂಬ ಬೋರ್ಡು ಕಂಡರೆ ಇನ್ನು ಮುಂದೆ ದಾಟಿ ಹೋಗಬೇಡಿ.

ಹೋಗುವವರಿಗೆ ನನ್ನ ಕೋರಿಕೆ ಇಷ್ಟು. ಮಧ್ಯಾಹ್ನ ಒಂದು ಗಂಟೆಗೆ ಹೋಗಿ, ರಾತ್ರಿಗೆ ಬೇಡ. ಪಟ್ಟಿ ನೋಡುವ ಮೊದಲು ಇವತ್ತು ಏನು ಬಂದಿದೆ ಎಂದು ಕೇಳಿ. ಸುಡುವ ಮೀನಿಗೆ ಕೂತ ಕೂಡಲೇ ಹೇಳಿಡಿ. ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಬಹಳ ಕಡಿಮೆ. ಅನ್ನಕ್ಕೆ ಕೋಳಿಯ ಸಾರು, ರಾಜ್ಮಾಕ್ಕೆ ಹಂದಿಯ ಕೊಬ್ಬು ಹಾಕಿರಬಹುದು, ಕೇಳದೆ ತಿನ್ನಬೇಡಿ. ವೈದ್ಯರು ಬೇಡವೆಂದಿದ್ದರೆ ಹಸಿಯದನ್ನು ಬಿಟ್ಟು ಸುಟ್ಟದ್ದನ್ನೇ ತಿನ್ನಿ, ಅದರಲ್ಲಿ ರುಚಿಗೆ ಕೊರತೆಯಿಲ್ಲ. ಮಕ್ಕಳನ್ನು, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ಊಟವಾದ ಮೇಲೂ ಒಂದು ಗಂಟೆ ಕೂತು ಮಾತಾಡಿ. ಬಿಲ್ಲು ನೀವು ಕೇಳಿದ ಮೇಲೆಯೇ ಬರುತ್ತದೆ.